ಏಳಿಂಚಿನ ಹಾಳೆಗೆ ಒಂಬತ್ತಿಂಚು

ಇವತ್ತು ಬಂಗಾರಪೇಟೆಯ ಒಂದು ಮನೆಯಲ್ಲಿ ಹಲಗೆಯೊಂದನ್ನು ಮೂರು ಪಾಲು ಮಾಡಲು ಟೇಪನ್ನು ಓರೆಯಾಗಿ ಹಿಡಿದೆ. ಕೈ ಅಲ್ಲೇ ನಿಂತಿತು. ಏಳು ವರ್ಷವಾದರೂ ಹೀಗೆ ಹಿಡಿದಾಗಲೆಲ್ಲ ಮಗಳ ಕ್ಲಾಸಿನ ಆ ದಿನ ನೆನಪಾಗುತ್ತದೆ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಭಿನ್ನರಾಶಿ ತಲೆಗೆ ಹತ್ತಲಿಲ್ಲ, ಬಿಟ್ಟೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಿರಲಿಲ್ಲ, ಹೆಮ್ಮೆಯೇ ಇತ್ತು. ಉರಿಗಾಂನಿಂದ ಕ್ಯಾಸಂಬಳ್ಳಿವರೆಗೆ ನಾನು ಕೂರಿಸಿದ ಬಾಗಿಲುಗಳಲ್ಲಿ ಒಂದೂ ಸೊಟ್ಟಗಿಲ್ಲ. ಮಗಳು ಲೆಕ್ಕದ ಪುಸ್ತಕ ಹಿಡಿದು ಕೂತರೆ, ಇದ್ಯಾವುದೂ ಇಲ್ಲದೆ ನಿಮ್ಮಪ್ಪ ಅರ್ಧ ಊರಿಗೆ ಬಾಗಿಲು ಹಾಕಿದ್ದಾನೆ ಎನ್ನುತ್ತಿದ್ದೆ. ಆ ಮಾತಿನಲ್ಲೇ ಅರ್ಧವೆಂಬ ಭಿನ್ನರಾಶಿ ಕೂತಿದೆ ಎಂದು ನನಗೆ ಹೊಳೆದಿರಲಿಲ್ಲ ನೋಡಿ.

ಅವಳೂ ಐದನೇ ಕ್ಲಾಸಿಗೆ ಬಂದ ವರ್ಷ ಅವರ ಕ್ಲಾಸಿನ ಕೋಣೆಯ ಬಾಗಿಲು ಉಬ್ಬಿತೆಂದು ಶಾಲೆಯವರು ನನ್ನನ್ನು ಕರೆಸಿದರು. ನಾನು ಹೊರಗೆ ಅಂಚು ಹೆರೆಯುತ್ತಿದ್ದೆ. ಒಳಗೆ ಟೀಚರ್ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ಮಡಿಸಲು ಹೇಳುತ್ತಿದ್ದರು. ಎರಡು ಪಾಲು, ನಾಲ್ಕು ಪಾಲು ಸಲೀಸಾಗಿ ಬಂದವು. ಮೂರು ಸಮಪಾಲು ಎಂದಾಗ ಗದ್ದಲ ಶುರುವಾಯಿತು. ಟೀಚರ್ ಮಡಿಸಿದ್ದೂ ಸರಿಹೋಗಲಿಲ್ಲ. ನನಗೆ ನಗು ಬಂದುಬಿಟ್ಟಿತು.

"ಹೊರಗೆ ನಿಂತು ನಗೋದ್ಯಾಕೆ ಮೇಸ್ತ್ರಿ? ಒಳಗೆ ಬಂದು ತೋರ್ಸಿ," ಎಂದರು.

ಬೀಗುತ್ತಲೇ ಹೋದೆ. ಮಗಳು ಪುಸ್ತಕದ ಹಿಂದೆ ಮುಖ ಮರೆಸಿಕೊಂಡಳು.

ಈ ಮೂರು ಪಾಲಿನ ಉಪಾಯವನ್ನು ನನಗೆ ಯಾರೂ ಕಲಿಸಿದ್ದಲ್ಲ. ಉರಿಗಾಂನಲ್ಲಿ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ಮುದಿ ಮೇಸ್ತ್ರಿ ಹಲಗೆಯನ್ನು ಮೂರು ಮಾಡುವಾಗ ಬೆನ್ನು ತಿರುಗಿಸಿಬಿಡುತ್ತಿದ್ದ, ಇಲ್ಲವೇ ನಮ್ಮನ್ನು ಟೀಗೆ ಓಡಿಸುತ್ತಿದ್ದ. ಕಿಟಕಿ ಸಂದಿಯಲ್ಲಿ ಕದ್ದು ನೋಡಿ ಕಲಿತೆ. ಆಮೇಲೆ ನಾನೂ ಬೆನ್ನು ತಿರುಗಿಸುವವನೇ ಆದೆ. ಅವತ್ತು ಮಾತ್ರ ಮಗಳ ಮುಂದೆ ಮೆರೆಯುವ ಆಸೆ.

ಹಾಳೆ ಏಳಿಂಚು ಅಗಲವಿತ್ತು. ಏಳನ್ನು ಮೂರರಿಂದ ಭಾಗಿಸುವ ಗೋಜಿಗೇ ಹೋಗಲಿಲ್ಲ. ಟೇಪಿನ ಸೊನ್ನೆ ಒಂದಂಚಿಗೆ, ಒಂಬತ್ತು ಇನ್ನೊಂದಂಚಿಗೆ ತಾಗುವಂತೆ ಓರೆಯಾಗಿ ಇಟ್ಟು, ಮೂರಕ್ಕೂ ಆರಕ್ಕೂ ಗುರುತು ಹಾಕಿ, ಆ ಗುರುತುಗಳಲ್ಲಿ ಅಂಚಿಗೆ ಸಮನಾಗಿ ಮಡಿಸಿದೆ. ಮೂರು ಪಾಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ನೀವೂ ಒಮ್ಮೆ ಮಾಡಿ ನೋಡಿ. ಮಕ್ಕಳು ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ಎದ್ದು ನಿಂತಳು.

"ಆಳೆ ಇರೋದೇ ಏಳಿಂಚು. ನೀನು ಒಂಬತ್ತು ಇಟ್ಟೆ. ಅದೆಂಗಪ್ಪ ಸರಿಯಾಯ್ತು?"

ಮೂವತ್ತು ವರ್ಷ ಮಾಡಿದ ಕೆಲಸ, ಹೆಂಗೆ ಎಂದು ನನ್ನನ್ನು ನಾನೇ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅದು ಹಂಗೇ ಬತ್ತದೆ ಕಣಮ್ಮ ಎಂದೆ. ಅವಳು ಕೂರಲಿಲ್ಲ. ಮನೆಯಲ್ಲಿ ಅಷ್ಟು ಕೊಚ್ಚಿಕೊಂಡ ಅಪ್ಪ ಈಗ ಏನು ಹೇಳುತ್ತಾನೆಂದು ನೋಡುತ್ತಲೇ ಇದ್ದಳು. ಅದೇ ಐದನೇ ಕ್ಲಾಸಿನ ಕೋಣೆಯಲ್ಲಿ, ಅದೇ ಭಿನ್ನರಾಶಿಯ ಮುಂದೆ ನಾನು ಮತ್ತೆ ನಿಂತಿದ್ದೆ. ಈ ಸಲ ಓಡಿಹೋಗುವ ಹಾಗಿರಲಿಲ್ಲ.

"ನಂಗೊತ್ತಿಲ್ಲ ಕಣಮ್ಮ."

ಮಗಳು ತನ್ನ ಗೆರೆ ನೋಟ್‌ಬುಕ್ಕಿನ ಮೇಲೆ ಪೆನ್ಸಿಲಿನಿಂದ ಓರೆಯಾಗಿ ಒಂದು ಗೀಟೆಳೆದು, ಗೆರೆಗೆರೆಗಳ ನಡುವಿನ ತುಂಡುಗಳನ್ನು ಸ್ಕೇಲಿನಲ್ಲಿ ಅಳೆದಳು.

"ಓರೆ ಎಳುದ್ರೆ ತುಂಡು ಉದ್ದ ಆಯ್ತದೆ ಅಪ್ಪ. ಆದ್ರೆ ಎಲ್ಲಾ ಒಂದೇ ಉದ್ದ. ಅದುಕ್ಕೇ ಪಾಲು ಕೆಡಾಕಿಲ್ಲ."

ಅವಳಿಗೆ ಹಿಡಿದದ್ದು ಎರಡು ನಿಮಿಷ, ಅಷ್ಟೆ. ಮುದಿ ಮೇಸ್ತ್ರಿ ಬೆನ್ನು ತಿರುಗಿಸುತ್ತಿದ್ದುದು ಗುಟ್ಟು ಕಾಯಲು ಎಂದೇ ನಂಬಿದ್ದೆ. ಯಾರಾದರೂ ಹೆಂಗೆ ಎಂದು ಕೇಳಿಬಿಟ್ಟಾರೆಂಬ ಭಯಕ್ಕೂ ಇರಬಹುದಲ್ಲ? ನಾನೂ ಅದಕ್ಕೇ ತಿರುಗಿಸುತ್ತಿದ್ದೆನೆ? ಹೆರೆದ ಬಾಗಿಲನ್ನು ಕೂರಿಸಿ, ಎರಡು ಸಲ ತೆಗೆದು ಹಾಕಿ ನೋಡಿದೆ.

ಇವತ್ತು ಹಲಗೆಗೆ ಗುರುತು ಹಾಕಿ ಮುಗಿಸಿ, ಮೊಳೆಯ ಮೊನೆಗೆ ಸುತ್ತಿಗೆಯಲ್ಲಿ ಒಂದೇಟು ಕೊಟ್ಟು ಮೊಂಡು ಮಾಡಿಕೊಂಡೆ. ಹಾಗೆ ಮಾಡಿದರೆ ಹಲಗೆ ಸೀಳುವುದಿಲ್ಲ. ನೋಡುತ್ತಿದ್ದ ಮನೆಯಾಕೆ, ಚೂಪಿಗೆ ಸೀಳುವ ಹಲಗೆ ಮೊಂಡಿಗೆ ಯಾಕೆ ಸೀಳಲ್ಲ ಎಂದು ಕೇಳಿದರು.

"ಗೊತ್ತಿಲ್ಲಮ್ಮ. ನನ್ ಮಗಳು ಕಾಲೇಜಿಂದ ಬರ್ಲಿ, ಇಬ್ರೂ ಕೂತು ನೋಡ್ತೀವಿ," ಎಂದೆ.

ಗೊತ್ತಿಲ್ಲ ಎಂಬ ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂದದ್ದು ಕೇಳಿ, ಎತ್ತಿದ ಸುತ್ತಿಗೆ ಹಾಗೇ ಮೇಲೆ ನಿಂತಿತು.