ಪೇಟ ಸುತ್ತಿಕೊಂಡು ಮದುವೆಗೆ ಹೋದದ್ದು

ನಾನು ರಾಜಮನೆತನದವನು. ಈ ಮಾತನ್ನು ನಗದೆ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಉತ್ತರ ಕರ್ನಾಟಕದ ಒಂದು ಪುಟ್ಟ ಸಂಸ್ಥಾನ ನಮ್ಮದು. ಕೊನೆಯ ದೊರೆಯ ಕಿರಿಯ ತಮ್ಮನ ಮೂರನೆಯ ಮಗನ ಮಗ ನಾನು. ಪಟ್ಟಕ್ಕೆ ನನಗಿಂತ ಮುಂದೆ ನಿಂತವರ ಸಾಲು ಬೆಳಗಿನ ಹೊತ್ತು ಮುಂಬೈಯಲ್ಲಿ ನಾವಿರುವ ಕಾಂದಿವಲಿ ಸ್ಟೇಷನ್ನಿನ ಟಿಕೆಟ್ ಸಾಲಿಗಿಂತ ಉದ್ದ. ನೂಕಿಕೊಂಡು ಕಿಟಕಿಯವರೆಗೆ ಹೋದರೂ ಒಳಗೆ ಪಟ್ಟವೇ ಇಲ್ಲ. ಅಪ್ಪ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದರು. ನಾನು ಬಾಟಲಿಯ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಸಂಜೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ. ಪ್ರಜೆಗಳು ಪಾರಿವಾಳದ ಹಿಕ್ಕೆಯ ದೂರು ತರುತ್ತಾರೆ, ನಾನು ಗಂಭೀರವಾಗಿ ಆಲಿಸುತ್ತೇನೆ.

ಹೋದ ವರ್ಷ ದೊರೆಯ ಕವಲಿನ ದೊಡ್ಡಮನೆಯ ಅಣ್ಣನ ಮಗಳ ಮದುವೆ ದಕ್ಷಿಣ ಮುಂಬೈಯ ದೊಡ್ಡ ಹೋಟೆಲೊಂದರಲ್ಲಿ ನಡೆಯಿತು. ಎಂದೂ ಇಲ್ಲದ ಕರೆ ನನಗೂ ಬಂತು. ಕೂಡಲೇ ನನ್ನೊಳಗಿನ ರಾಜರಕ್ತ ಕುದಿಯತೊಡಗಿತು. ಪೇಟ, ಶೇರ್ವಾನಿ, ಕಾಲಿಗೆ ಮೋಜಡಿ ಎಲ್ಲವೂ ಆಗಲೇಬೇಕು ಎಂದೆ. ನನ್ನ ಹೆಂಡತಿ ಉಡುಪಿ ಕಡೆಯ ಹೋಟೆಲಿನವರ ಮಗಳು. ಅವಳು ದೋಸೆ ಮಗುಚುತ್ತಲೇ ಹೇಳಿದಳು: "ಸುಮ್ಮನೆ ಒಂದು ಬಿಳಿ ಅಂಗಿ ಹಾಕಿ ಮಾರಾಯ್ರೆ. ಅಲ್ಲಿ ನಿಮ್ಮನ್ನು ಯಾರು ನೋಡ್ಲಿಕ್ಕುಂಟು?"

ನಾನು ಕೇಳಲಿಲ್ಲ. ಬೈಕುಲ್ಲಾದಲ್ಲಿ ಪೋಷಾಕು ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. "ದೂಲ್ಹೇ ಕಾ ಬಾಪ್?" ಎಂದು ಅಂಗಡಿಯವನು ಕೇಳಿದ. "ರಾಜ್‌ಘರಾನಾ" ಎಂದೆ, ಎದೆ ಉಬ್ಬಿಸಿ. "ಅಚ್ಛಾ, ನಾಟಕ್" ಎಂದು ಅವನು ಬೇರೆಯದೇ ಕಪಾಟು ತೆರೆದ. ಅದರಿಂದ ಬಂದದ್ದು ಜರಿಯಂಚಿನ ಕೆಂಪು ಪೇಟ.

ಮದುವೆಯ ದಿನ ಲೋಕಲ್ ಇಳಿದು, ಟ್ಯಾಕ್ಸಿ ಹಿಡಿದು ಹೋಟೆಲು ತಲುಪುವಷ್ಟರಲ್ಲಿ ಮೋಜಡಿ ಕಚ್ಚಿ ಎರಡೂ ಹಿಮ್ಮಡಿ ಸುಲಿದಿದ್ದವು. ಹೆಂಡತಿ ಸೀರೆ ಸರಿಮಾಡಿಕೊಳ್ಳಲು ಒಳಗೆ ಹೋದಳು. ನಾನು ಮೋಜಡಿ ಬಿಚ್ಚಿ ಕೈಯಲ್ಲಿ ಹಿಡಿದು ಬಾಗಿಲ ಪಕ್ಕ ನಿಂತೆ. ಆಗ ಕಾರೊಂದು ಬಂತು. ಇಳಿದ ಗೃಹಸ್ಥರು ಕೀಲಿಯನ್ನು ನನ್ನ ಇನ್ನೊಂದು ಕೈಗೆ ಹಾಕಿ, "ಸಂಭಾಲ್ ಕೇ ಲಗಾನಾ" ಎಂದು ಒಳಗೆ ನಡೆದರು. ಗಾಡಿ ನಿಲ್ಲಿಸುವ ಆಳು ನಾನೆಂದು ತಿಳಿದಿದ್ದರು.

ಅಷ್ಟರಲ್ಲಿ ಬಾಗಿಲಿನ ನಿಜವಾದ ಕಾವಲುಗಾರ ಬಂದ. ಹುರಿ ಮೀಸೆ, ಕೆಂಪು ಪೇಟ, ಅದಕ್ಕೂ ಜರಿಯಂಚು. ನನ್ನದಕ್ಕಿಂತ ಅವನದೇ ಚೆನ್ನಾಗಿ ಕೂತಿತ್ತು. "ನಯಾ ಹೈ ಕ್ಯಾ? ಜೂತಾ ಪಹನ್!" ಎಂದು ಕೈಯಲ್ಲಿದ್ದ ಮೋಜಡಿ ತೋರಿಸಿ ಗದರಿದ.

"ಅಯ್ಯ ಶಿವನ!" ಎಂದೆ ನಾನು, ಅರಿವಿಲ್ಲದೆ.

ಅವನ ಮುಖ ಅರಳಿತು. "ನಮ್ಮ ಕಡಿಯವರೇನ್ರೀ? ಬ್ಯಾಂಡಿನ್ಯಾಗ ಬಂದೀರೇನು?"

ಮದುವೆಗೆ ಬಂದವನು ಎಂದೆ. ನಂಬಲಿಲ್ಲ. ಊರು, ವಾಡೆ, ವಂಶವನ್ನೆಲ್ಲ ಹೇಳಬೇಕಾಯಿತು. ನಮ್ಮಲ್ಲಿ ಅರಮನೆಗೆ ವಾಡೆ ಎನ್ನುತ್ತಾರೆ. ಅವನು ಅದರ ಪಕ್ಕದ ಹಳ್ಳಿಯವನೇ, ಈಗ ಧಾರಾವಿಯಲ್ಲಿ ಸಂಸಾರ. ಕೀಲಿಯನ್ನು ಗಾಡಿ ನಿಲ್ಲಿಸುವವನಿಗೆ ದಾಟಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಮ್ಮಜ್ಜಾಗ ನಿಮ್ಮ ವಾಡೇದ ಮುಂದ ಚಪ್ಪಲಿ ಹಾಕ್ಕೊಂಡು ಹೋಗಾಕ ಬಿಡತಿದ್ದಿಲ್ಲಂತ್ರೀ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈಯಲ್ಲಿ ಮೋಜಡಿ, ಅವನ ಕಾಲಲ್ಲಿ ಮಿರುಗುವ ಬೂಟು. ಇಬ್ಬರಿಗೂ ಅದು ಒಮ್ಮೆಲೇ ಕಂಡಿತು. ಮೊದಲು ನಕ್ಕವನು ಅವನು. "ಕಲ್ಲು ಸುಡತಾವ, ನೆರಳಿಗಿ ಬರ್ರಿ" ಎಂದು ತೋಳು ಹಿಡಿದು ಎಳೆದುಕೊಂಡ.

ಮುಂದಿನ ಕಾರಿನಲ್ಲಿ ಬಂದವರು ಕೊನೆಯ ದೊರೆಯ ಮಗಳು, ನನಗೆ ಅತ್ತೆಯಾಗಬೇಕು. ಕಣ್ಣು ಮಂಜಾಗಿದೆ. ಅವನು ಬಾಗಿಲು ತೆಗೆದ, ನಾನು ಕೈ ಕೊಟ್ಟೆ.

"ಯಾರಪಾ ನೀ?"

"ವಾಡೇದ ಹಿಂದಿನ ಚೌಕಿ, ನಿಮ್ಮ ಸಣ್ಣ ಕಾಕಾರ ಮೊಮ್ಮಗಾರೀ, ಮುಂಬೈದಾಗ ಇರ್ತೀನಿ."

"ಹಂಗಾರ ನಮ್ಮಾವನ. ಗಟ್ಟಿ ಹಿಡಿ, ಬೀಳಿಸೀಯಂದ್ರ ನೋಡು."

ಒಳಗೆ ಮುಂದಿನ ಸಾಲಿನಲ್ಲಿ ತಮ್ಮ ಪಕ್ಕವೇ ಕೂರಿಸಿಕೊಂಡರು. ಸುತ್ತ ನೋಡಿದೆ. ದೊಡ್ಡಮನೆಯ ಗಂಡಸರೆಲ್ಲ ಸೂಟು ತೊಟ್ಟಿದ್ದರು, ಪೇಟದವನು ನಾನೊಬ್ಬನೇ. ಅತ್ತೆ ನನ್ನ ತಲೆಯನ್ನು ಮುಟ್ಟಿ ನೋಡಿ, "ಇದನ್ಯಾಕ ಕಟಗೊಂಡಿ? ಬಾಗಲಾ ಕಾಯಾವ್ರಂಗ?" ಎಂದರು. ಹಿಂದಿನ ಸಾಲಿನಲ್ಲಿದ್ದ ಹೆಂಡತಿ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಳು. ಮಂತ್ರಕ್ಕೆ ಕಣ್ತುಂಬಿ ಬಂತೆಂದು ಪಕ್ಕದವರು ತಿಳಿದಿರಬೇಕು.

ಊಟಕ್ಕೆ ಕೂತಾಗ ಚಪ್ಪಲಿಯ ಮಾತು ನಿಜವೇ ಎಂದು ಅತ್ತೆಯನ್ನು ಕೇಳಿದೆ. ಅವರು ತುತ್ತು ಕೆಳಗಿಟ್ಟರು.

"ಖರೇ. ಮಂದಿ ಕೈಯಾಗ ಹಿಡಕೊಂಡು ಹೋಗತಿದ್ರು. ನಾ ಸಣ್ಣಾಕಿ, ಮಾಳಿಗಿ ಮ್ಯಾಲಿಂದ ನೋಡತಿದ್ದೆ. ಅವರ ಕಾಲು ಸುಡತಾವಂತ ನನಗ ಹೊಳೀಲೇ ಇಲ್ಲ ನೋಡು."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಹೋಳಿಗೆಯನ್ನೂ ಮುಟ್ಟಲಿಲ್ಲ.

ಹೊರಡುವಾಗ ಬಾಗಿಲಲ್ಲಿದ್ದ ಕಾವಲುಗಾರನಿಗೆ, ರಜೆಯ ದಿನ ಮನೆಗೆ ಬರಬೇಕು ಎಂದೆ. ಬರುತ್ತಾನೆಂಬ ನಂಬಿಕೆ ಇರಲಿಲ್ಲ. ಆದರೆ ತಿಂಗಳೊಳಗೆ ತನ್ನ ಹೆಂಡತಿಯನ್ನು ಕರೆದುಕೊಂಡು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಕಾಂದಿವಲಿಗೆ ಬಂದೇಬಿಟ್ಟ. ನನ್ನ ಹೆಂಡತಿ ನೀರುದೋಸೆ ಮಾಡಿದ್ದಳು. ರೊಟ್ಟಿ ನಮ್ಮ ಪಾಲಾಯಿತು, ದೋಸೆ ಅವರ ಪಾಲಾಯಿತು.

ಕನ್ನಡ ತಡವರಿಸುವ ನನ್ನ ಮಗಳು ಕೇಳಿದಳು: "ಅಂಕಲ್, ನಮ್ಮ ಪ್ಯಾಲೇಸ್... ಕೈಸಾ... ಹೇಗೆ ಉಂಟು?"

"ಚಂದ ಐತವ್ವ. ಈಗ ಅಲ್ಲಿ ಸಾಲಿ ನಡಸ್ತಾರ. ನನ್ನ ತಮ್ಮನ ಮಗಳು ಅಲ್ಲೇ ಮೂರನೇ ಇಯತ್ತಾ ಕಲಿತಾಳ."

ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಕೆತ್ತನೆಯ ಕಂಬಗಳ ದರ್ಬಾರ್ ಹಾಲ್. ಉದ್ದಕ್ಕೂ ಶಾಲೆಯ ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಬಿಸಿಯೂಟಕ್ಕೆ ಕಾಯುತ್ತಿದ್ದರು. ಮಗಳು ಅದನ್ನು ತನ್ನ ಫೋನಿಗೆ ಕಳಿಸಿಕೊಂಡಳು. ನಾನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ. ನಮ್ಮ ದರ್ಬಾರನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು.