ಕೊಟ್ರಮ್ಮನವರ ನರ್ಸ್ ಬೇಟೆ

ನಲ್ಲೂರಿನ ಕೊಟ್ರಮ್ಮನವರು ಜಗತ್ತನ್ನು ಎರಡು ಪಾಲು ಮಾಡಿಕೊಂಡಿದ್ದರು: ತಾವು ಮುಟ್ಟುವಂಥದ್ದು, ಬೇರೆಯವರು ಮುಟ್ಟಬೇಕಾದದ್ದು. ಮೊದಲ ಪಾಲಿನಲ್ಲಿ ಬಂಗಾರ, ರೇಷ್ಮೆ ಸೀರೆ, ಟಿವಿ ರಿಮೋಟು ಮತ್ತು ಕಾಯಿಹೋಳಿಗೆ ಇದ್ದವು. ಉಳಿದ ಸಮಸ್ತ ಸೃಷ್ಟಿಯೂ ಎರಡನೆಯದಕ್ಕೆ ಸೇರಿತ್ತು. ಹೋದ ವರ್ಷ ಶ್ರಾವಣದಲ್ಲಿ ಅವರ ಯಜಮಾನರಾದ ಷಣ್ಮುಖಪ್ಪನವರೂ ಹೋಗಿ ಆ ಎರಡನೆಯ ಪಾಲಿಗೆ ಬಿದ್ದರು.

ಷಣ್ಮುಖಪ್ಪ ಅಡಿಕೆ ವ್ಯಾಪಾರಿ. ಬೆಳೆಗಾರನ ಎದುರಿಗೇ ಅಡಿಕೆಯನ್ನು ಮೂಸಿ, ಕಚ್ಚಿ, ಮುಖ ಸಿಂಡರಿಸಿ ದರ ಇಳಿಸುವುದರಲ್ಲಿ ಎತ್ತಿದ ಕೈ. ಒಂದು ಬೆಳಗ್ಗೆ ಹಾಗೆಯೇ ಮುಖ ಸಿಂಡರಿಸಿದರು. ಎದುರಿದ್ದ ರೈತ ಹೆದರಿ ದರವನ್ನೇನೋ ಇಳಿಸಿದ, ಆದರೆ ಮುಖ ಮತ್ತೆ ನೆಟ್ಟಗಾಗಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ನಲವತ್ತು ವರ್ಷ ಸಂತೆಯನ್ನೇ ಆಳಿದ ನಾಲಿಗೆಯಲ್ಲಿ ‘ಥೂ’ ಎಂಬ ಒಂದೇ ಒಂದು ಮಾತು ಉಳಿಯಿತು. ಬಲ್ಲವರ ಪ್ರಕಾರ ಅವರಿಗೆ ಅದಕ್ಕಿಂತ ಹೆಚ್ಚಿನದು ಮೊದಲೂ ಬೇಕಾಗಿರಲಿಲ್ಲ.

ದಾವಣಗೆರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಗಂಜಿಯನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು ಎಂದು ವಿವರವಾಗಿ ಹೇಳಿದರು. ಕೊಟ್ರಮ್ಮ ಎದೆಯ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡು, ಒಂದೇ ಪ್ರಶ್ನೆ ಹಾಕಿದರು.

“ಇದನ್ನೆಲ್ಲ ಮಾಡಾಕೆ ಯಾರು ಬರ್ತಾರ್ರಿ?”

ಬಂದವರೇನು ಕಡಿಮೆಯಿರಲಿಲ್ಲ. ಮನೆಯಲ್ಲೇ ಇದ್ದು ರೋಗಿಯನ್ನು ನೋಡಿಕೊಳ್ಳುವ ಹುಡುಗಿಯೊಬ್ಬಳು ಬಂದಳು. ಅವಳ ಕೈಗೆ ಪೊರಕೆಯನ್ನೂ, ಒರಳಕಲ್ಲನ್ನೂ ಒಪ್ಪಿಸಿದ್ದರಿಂದ ಅವಳು ಬಂದ ಬಸ್ಸಿನಲ್ಲೇ ಹೋದಳು. ಆಮೇಲೆ ಬಸವಾಪಟ್ಟಣದ ಸಂಘಮಿತ್ರಾ ಬಂದಳು. ನರ್ಸಿಂಗ್ ಓದಿದವಳು, ಕೆಲಸ ಬಲ್ಲವಳು. ಅವಳ ಕೈಯಲ್ಲಿ ಷಣ್ಮುಖಪ್ಪ ಮಗುವಿನಂತೆ ಮಗ್ಗುಲಾದರು, ಗಂಜಿ ಕುಡಿದರು, ನಿದ್ದೆ ಮಾಡಿದರು. ಕೊಟ್ರಮ್ಮ ಮಾತ್ರ ಅವಳ ಜಾತಿ ವಿಚಾರಿಸಿಕೊಂಡು, ಕಾಫಿ ಲೋಟವನ್ನು ಕೊಟ್ಟಿಗೆಯ ಕಿಟಕಿಯಲ್ಲಿ ಬೇರೆ ಇಡಿಸಿದರು. ಸಂಘಮಿತ್ರಾ ಎರಡು ದಿನ ನೋಡಿದಳು. ಮೂರನೆಯ ದಿನ ಬ್ಯಾಗು ಹೆಗಲಿಗೇರಿಸಿದಳು.

“ನಿಮ್ಮ ಯಜಮಾನ್ರನ್ನ ಮುಟ್ಟಬೋದು, ಲೋಟ ಮುಟ್ಟಂಗಿಲ್ಲ ಅಂದ್ರೆ ಹೆಂಗಮ್ಮ? ನಿಮ್ಮನ್ಯಾಗೆ ಲೋಟಕ್ಕೇ ಬೆಲೆ ಜಾಸ್ತಿ ಕಾಣ್ತೈತೆ,” ಎಂದು ಹೊರಟೇ ಹೋದಳು.

ಅಂದಿನಿಂದ ಷಣ್ಮುಖಪ್ಪನವರ ಮಗ್ಗುಲು ಬದಲಿಸುವ ಕೆಲಸ ಕೊಟ್ಟಿಗೆಗೆ ಬರುವ ಚಿಕ್ಕಹನುಮಂತಪ್ಪನ ಪಾಲಿಗೆ ಬಂತು. ಅವನು ಎಮ್ಮೆಗಳ ಸರದಿ ಮುಗಿಸಿ, ಕೈ ತೊಳೆದು, ಯಜಮಾನರ ಬಳಿ ಬರುತ್ತಿದ್ದ. ಎಮ್ಮೆಗಳದು ಎಂದೂ ತಪ್ಪುತ್ತಿರಲಿಲ್ಲ, ಯಜಮಾನರದು ಒಮ್ಮೊಮ್ಮೆ ತಪ್ಪುತ್ತಿತ್ತು.

ಹೀಗಿರುವಾಗ ಕೊಟ್ರಮ್ಮನವರಿಗೆ ಜ್ಞಾನೋದಯವಾಯಿತು. ಸಂಬಳದವಳು ಬಿಟ್ಟು ಹೋಗುತ್ತಾಳೆ, ತಾಳಿ ಕಟ್ಟಿಸಿಕೊಂಡವಳು ಎಲ್ಲಿಗೆ ಹೋಗುತ್ತಾಳೆ? ಮನೆಯಲ್ಲಿ ಮೂವತ್ತಮೂರು ವರ್ಷದ ಮಗ ಪ್ರಸನ್ನಕುಮಾರ್ ಖಾಲಿ ಕೂತಿದ್ದ. ಅವನಿಗೊಬ್ಬ ನರ್ಸ್ ಹುಡುಗಿಯನ್ನು ತಂದರೆ ಒಂದೇ ಚಪ್ಪರದ ಕೆಳಗೆ ಎರಡು ಕೆಲಸ ಮುಗಿದಂತೆ. ಇದೇ ಕೊಟ್ರಮ್ಮ ಹತ್ತು ವರ್ಷದ ಹಿಂದೆ, ನೆಂಟರ ಹುಡುಗಿಯೊಬ್ಬಳು ನರ್ಸಿಂಗ್ ಸೇರಿದಳೆಂದು ಕೇಳಿ, ಕಂಡಕಂಡವರ ಮೈ ಮುಟ್ಟುವವಳನ್ನು ಯಾವ ಮರ್ಯಾದಸ್ಥರು ಮನೆ ತುಂಬಿಸಿಕೊಳ್ಳುತ್ತಾರೆ ಎಂದು ಮದುವೆ ಊಟದ ಪಂಕ್ತಿಯಲ್ಲೇ ತೀರ್ಪು ಕೊಟ್ಟಿದ್ದರು. ಆ ತೀರ್ಪನ್ನು ಈಗ ಸದ್ದಿಲ್ಲದೆ ವಾಪಸು ಪಡೆದರು. ಮೈ ಮುಟ್ಟುವವಳೇ ಅವರಿಗೆ ಬೇಕಾಗಿತ್ತು.

ಪ್ರಸನ್ನಕುಮಾರನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಪಿಯುಸಿ ಮುಗಿಸಿದ ಮೇಲೆ ಅವನು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಅಪ್ಪನ ಬಿಳಿ ಕಾರನ್ನು ಒರೆಸುವುದು. ಇಪ್ಪತ್ತೆಂಟರವರೆಗೆ ಬಂದ ಹೆಣ್ಣುಗಳನ್ನೆಲ್ಲ ಅವನ ತಾಯಿ ಬೇಡವೆಂದರು. ಅಲ್ಲಿಂದಾಚೆಗೆ ಹೆಣ್ಣುಗಳೇ ಆ ಶ್ರಮವನ್ನು ವಹಿಸಿಕೊಂಡವು.

ಚನ್ನಗಿರಿ ತಾಲ್ಲೂಕಿನಲ್ಲೆಲ್ಲ ಷಣ್ಮುಖಪ್ಪನವರ ಸ್ಥಿತಿ ಗೊತ್ತಿದ್ದುದರಿಂದ ದಂಡಯಾತ್ರೆಯನ್ನು ಗಡಿಯಾಚೆಗೇ ಒಯ್ಯಬೇಕಾಯಿತು. ಒರೆಸಿ ಒರೆಸಿ ಕನ್ನಡಿಯಂತಾದ ಕಾರು ಹೊರಟಿತು. ಚುಕ್ಕಾಣಿಯಲ್ಲಿ ಪ್ರಸನ್ನ, ಪಕ್ಕದಲ್ಲಿ ದಾರಿಯುದ್ದಕ್ಕೂ ಬಾಯಿ ಮುಚ್ಚದ ಮದುವೆ ದಲ್ಲಾಳಿ ಮೂಕಪ್ಪ, ಹಿಂದಿನ ಸೀಟಿನ ಪೂರ್ತಿ ಅಗಲಕ್ಕೆ ಕೊಟ್ರಮ್ಮ. ಯಜಮಾನರು ಎಲ್ಲಿ ಎಂದು ಯಾರಾದರೂ ಕೇಳಿದರೆ ಯಾತ್ರೆಗೆ ಹೋಗಿದ್ದಾರೆ ಎನ್ನಬೇಕೆಂದು ಮೊದಲೇ ಮಾತಾಗಿತ್ತು.

ಮೊದಲ ಮುತ್ತಿಗೆ ಹೊನ್ನಾಳಿಗೆ. ಅಲ್ಲಿನ ಕಲ್ಪನಾ ಒಂದು ನರ್ಸಿಂಗ್ ಹೋಮಿನಲ್ಲಿದ್ದಳು. ಉಪ್ಪಿಟ್ಟು ತಂದಿಡುವಾಗಲೂ ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡು ಏನನ್ನೋ ಗೊಣಗುತ್ತಿದ್ದಳು. ಕೊಟ್ರಮ್ಮ ಅದನ್ನು ಮಂತ್ರವೆಂದು ತಿಳಿದು ಸಂತೋಷಪಟ್ಟರು. ಅದು ಜರ್ಮನ್ ಭಾಷೆ ಎಂದು ಆಮೇಲೆ ತಿಳಿಯಿತು. ಕಲ್ಪನಾ ನರ್ಸಿಂಗ್ ಸೇರಿದ್ದೇ ವಿಮಾನ ಹತ್ತುವುದಕ್ಕೆ. ಪರೀಕ್ಷೆ ಪಾಸಾದರೆ ಮುಂದಿನ ವರ್ಷ ಜರ್ಮನಿ, ಅಲ್ಲಿನ ಮುದುಕರ ಸೇವೆ. ಆ ಮುದುಕರ ಮನೆಗಳಲ್ಲಿ ಸೊಸೆಯಂದಿರಿಲ್ಲವೇ ಎಂದು ಕೊಟ್ರಮ್ಮ ನಿಜವಾದ ಕಾಳಜಿಯಿಂದ ವಿಚಾರಿಸಿದರು.

“ಅದಾರೆ ಆಂಟಿ. ಅವ್ರು ಮಾಡಲ್ಲ, ಅದಕ್ಕೇ ನಮ್ಗೆ ಸಂಬಳ ಕೊಟ್ಟು ಕರೀತಾರೆ,” ಎಂದಳು ಕಲ್ಪನಾ. ಜರ್ಮನ್ ಸೊಸೆಯಂದಿರ ಬಗ್ಗೆ ಕೊಟ್ರಮ್ಮನವರಿಗೆ ಅಂದು ಹುಟ್ಟಿದ ತಿರಸ್ಕಾರ ಇನ್ನೂ ಇಳಿದಿಲ್ಲ.

ಎರಡನೆಯ ಮುತ್ತಿಗೆ ನ್ಯಾಮತಿಗೆ. ಅಲ್ಲಿನ ಸುಧಾ ನರ್ಸಿಂಗ್ ಸೇರಿದ್ದು ಹಾಸ್ಟೆಲು ಸಿಗುತ್ತದೆ, ಮನೆಯಲ್ಲಿ ಮದುವೆಯ ಮಾತು ಮೂರು ವರ್ಷ ತಪ್ಪುತ್ತದೆ ಎಂಬ ಎರಡು ಘನ ಆದರ್ಶಗಳಿಗಾಗಿ. ಈಗ ಗುತ್ತಿಗೆಯ ಮೇಲೆ ಆರೋಗ್ಯ ಕೇಂದ್ರದಲ್ಲಿದ್ದಳು. ಯಾರಿಗೆ ಯಾವ ಲಸಿಕೆ ಆಯಿತು, ಯಾರ ಮನೆಯಲ್ಲಿ ಎಷ್ಟು ಜನ ಎಂಬುದನ್ನೆಲ್ಲ ಕಂಪ್ಯೂಟರಿಗೆ ತುಂಬಿಸುವುದೇ ಅವಳ ಶುಶ್ರೂಷೆ. ರೋಗಿಯನ್ನು ಮುಟ್ಟಿ ಎಷ್ಟು ದಿನವಾಯಿತೆಂದು ಕೊಟ್ರಮ್ಮ ಕೇಳಿದಾಗ ಅವಳು ಬಹಳ ಹೊತ್ತು ಮೇಲೆ ನೋಡಿ ಯೋಚಿಸಿದಳು. ಬಿಸಿಬಿಸಿ ಬೋಂಡ ಬರುವ ಮೊದಲೇ ಕೊಟ್ರಮ್ಮ ಎದ್ದರು. ಬೋಂಡವನ್ನು ತ್ಯಾಗ ಮಾಡಿದ್ದು ಅವರ ಜೀವನದಲ್ಲಿ ಅದೊಂದೇ ಸಲ.

ಮೂರನೆಯದು ಜಗಳೂರು. ಅಲ್ಲಿ ಶಾಂತಲಾ ಇದ್ದಳು, ಸರ್ಕಾರಿ ಆಸ್ಪತ್ರೆಯ ನರ್ಸು, ನಿವೃತ್ತ ಮೇಷ್ಟ್ರ ಮಗಳು. ಡ್ಯೂಟಿ ಮುಗಿಸಿ ಬಂದವಳು ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ನಿಂತುಕೊಳ್ಳುವ ಶಾಸ್ತ್ರವನ್ನೆಲ್ಲ ಬಿಟ್ಟು, ಎದುರಿನ ಕುರ್ಚಿಯಲ್ಲಿ ಕೂತೇಬಿಟ್ಟಳು. ಈ ಕೆಲಸಕ್ಕೆ ಯಾರು ದೂಡಿದರಮ್ಮ ಎಂದು ಕೊಟ್ರಮ್ಮ ಮರುಕದಿಂದ ಕೇಳಿದರು.

“ಯಾರೂ ಇಲ್ಲ. ನಾನು ಮಗ್ಗುಲಾಗ್ರಿ ಅಂದ್ರೆ ಎಂಥಾ ದೊಡ್ಡ ಮನುಷ್ಯನಾದ್ರೂ ಬಾಯಿ ಮುಚ್ಕಂಡು ಮಗ್ಗುಲಾಗ್ತಾನೆ. ಇನ್ಯಾವ ನೌಕರಿಯಾಗೆ ಐತ್ರೀ ಇದು?”

ಕೊಟ್ರಮ್ಮನವರ ಕಣ್ಣು ಹೊಳೆಯಿತು. ಬೇರೆ ಅತ್ತೆಯಂದಿರು ಹಾಡು ಹೇಳಿಸುತ್ತಾರೆ, ನಡೆಸಿ ನೋಡುತ್ತಾರೆ. ಇವರು ನೇರವಾಗಿ ಯುದ್ಧವಿದ್ಯೆಯ ಪರೀಕ್ಷೆಗೇ ಇಳಿದರು. ಭಾರದ ಮನುಷ್ಯನನ್ನು ಒಬ್ಬಳೇ ಹೊರಳಿಸುವೆಯಾ? ಹೊರಳಿಸುತ್ತೇನೆ. ಗಂಜಿ ನೆತ್ತಿಗೆ ಹತ್ತಿದರೆ ಏನು ಮಾಡುವೆ? ಅದನ್ನೂ ಹೇಳಿದಳು. ಹಾಸಿಗೆಯಲ್ಲೇ ಮಲಗಿರುವವರ ಬಟ್ಟೆ, ಮೈಕೈ, ಇತ್ಯಾದಿ? ಎಲ್ಲಕ್ಕೂ ಉತ್ತರ ಬಂತು. ಕೊನೆಗೆ ಶಾಂತಲಾ ಅದೇ ಸಲೀಸು ದನಿಯಲ್ಲಿ, “ಯಾವ ಕಡೆ ಬಿದ್ದೈತ್ರಿ?” ಎಂದಳು.

“ಬಲಗಡೆ,” ಎಂದುಬಿಟ್ಟರು ಕೊಟ್ರಮ್ಮ.

ಮೂಕಪ್ಪ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಹೆಸರಿಗೆ ತಕ್ಕಂತಾಗಿ ಫ್ಯಾನು ನೋಡಿದ. ಪ್ರಸನ್ನ ಕಾಫಿಯೊಳಗೆ ಇಣುಕಿದ.

“ಯಜಮಾನ್ರು ಯಾತ್ರೆಗೆ ಹೋಗಿದಾರೆ ಅಂದ್ರಿ?” ಎಂದರು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು.

“ಹೋಗ್ತಾರೆ. ಹುಷಾರಾದ ಮೇಲೆ,” ಎಂದರು ಕೊಟ್ರಮ್ಮ. ನಾಚಿಕೆಯೂ ಅವರ ಎರಡನೆಯ ಪಾಲಿಗೇ ಸೇರಿದ ವಸ್ತು.

ಶಾಂತಲಾಳ ಅಪ್ಪ ಕೋಪದಿಂದ ಏಳುವುದರಲ್ಲಿದ್ದರು. ಅವಳು ಅವರ ಮೊಣಕೈ ಹಿಡಿದು ಕೂರಿಸಿ, ಭಾನುವಾರ ತಾನೇ ನಲ್ಲೂರಿಗೆ ಬಂದು ರೋಗಿಯನ್ನು ನೋಡುವುದಾಗಿ ಹೇಳಿದಳು. ಹೆಣ್ಣು ತಾನಾಗಿ ಗಂಡಿನ ಮನೆ ನೋಡಲು ಬರುವುದೆಂದರೇನು! ಕೋಟೆಯ ಬಾಗಿಲು ತೆರೆದಂತೆಯೇ ಎಂದು ಕೊಟ್ರಮ್ಮ ಕಾರಿನಲ್ಲಿ ಮೂಕಪ್ಪನಿಗೆ ವಿವರಿಸಿದರು. ಮನೆ ಮುಟ್ಟುವ ಹೊತ್ತಿಗೆ ಸೊಸೆಯ ರಾಜೀನಾಮೆಯನ್ನೂ ಮನಸ್ಸಿನಲ್ಲೇ ಕೊಡಿಸಿದ್ದರು.

ಭಾನುವಾರ ಶಾಂತಲಾ ಅಪ್ಪನ ಜೊತೆ ಬಂದಳು. ತೇಗದ ಸೋಫಾವನ್ನೂ, ಗೋಡೆಯಗಲದ ಟಿವಿಯನ್ನೂ ನೋಡದೆ ಸೀದಾ ಒಳಕೋಣೆಗೆ ಹೋದಳು. ಷಣ್ಮುಖಪ್ಪನವರ ಹತ್ತಿರ ಬಗ್ಗಿ ಹೆಸರು ಹಿಡಿದು ಮಾತಾಡಿಸಿದಳು. ಒಂದು ವರ್ಷದಿಂದ ಆ ಮನೆಯಲ್ಲಿ ಜನ ಅವರ ಮೇಲಿನಿಂದ ಮಾತಾಡುತ್ತಿದ್ದರೇ ಹೊರತು ಅವರೊಡನೆ ಯಾರೂ ಮಾತಾಡಿರಲಿಲ್ಲ.

“ಥೂ,” ಎಂದರು ಷಣ್ಮುಖಪ್ಪ.

“ನಮಸ್ಕಾರ ಅಂದ್ರಿ ಅಂತ ತಿಳ್ಕಂತೀನಿ,” ಎಂದು ಅವಳು ಹೊದಿಕೆ ಸರಿಸಿದಳು. ಬೆನ್ನ ಕೆಳಗೆ ಅಂಗೈಯಗಲ ಹುಣ್ಣಾಗಿತ್ತು. ಬಿಸಿನೀರು, ಬಟ್ಟೆ ಕೇಳಿದಳು. ಸೊಸೆಯ ಸೇವೆ ಶುರುವಾಯಿತೆಂದು ಕೊಟ್ರಮ್ಮ ಸಂಭ್ರಮದಿಂದ ತಂದರು. ಶಾಂತಲಾ ಹುಣ್ಣನ್ನು ತಾನೇ ತೊಳೆದು ಕಟ್ಟಿದಳು. ಆಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ ಪ್ರಸನ್ನಕುಮಾರನ ಕೈಗೆ ಕೊಟ್ಟಳು. ಅವನು ತಾಯಿಯ ಮುಖ ನೋಡಿದ.

“ಅವ್ರನ್ನ ಯಾಕೆ ನೋಡ್ತೀರಿ? ನಿಮ್ಮಪ್ಪ ಇಲ್ಲಿದಾರೆ.”

ಇಸ್ತ್ರಿ ಮಾಡಿದ ತೋಳು ಮಡಿಸಿ ಪ್ರಸನ್ನ ಬಗ್ಗಿದ. ಆಶ್ಚರ್ಯವೆಂದರೆ ಅವನ ಕೈ ಚೆನ್ನಾಗಿತ್ತು. ಹದಿನೈದು ವರ್ಷ ಕಾರಿಗೆ ಗೀರು ಬೀಳದಂತೆ ಒರೆಸಿದ ಕೈ, ಅವಸರವಿಲ್ಲದೆ, ಒತ್ತಡವಿಲ್ಲದೆ, ಮೂಲೆಮೂಲೆಗೂ ಹೋಯಿತು. ಷಣ್ಮುಖಪ್ಪ ಕಣ್ಣು ಮುಚ್ಚಿ, ಒಂದು ಉದ್ದನೆಯ ಉಸಿರು ಬಿಟ್ಟು, ಬೈಯುವುದನ್ನೂ ಮರೆತರು. ಚೆನ್ನಾಗಿ ಮಾಡಿದಿರಿ ಎಂದಳು ಶಾಂತಲಾ. ಪ್ರಸನ್ನ ಕೆಂಪಾದ. ಅವನು ಹುಟ್ಟಿದಂದಿನಿಂದ ಈ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳುವ ಸಂದರ್ಭವೂ ಬಂದಿರಲಿಲ್ಲ.

ಹೊರಗೆ ಬಂದು ಶಾಂತಲಾ ಎರಡು ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡು ತಿಂದಳು. ಕೈ ತೊಳೆದು ತೀರ್ಪು ಕೊಟ್ಟಳು.

“ಹುಡುಗ ಒಪ್ಪಿಗೆ ಆದ. ಮದುವೆಗಲ್ಲ, ನರ್ಸಿಂಗಿಗೆ. ಸೇರಿಸ್ರಿ.”

ಗಂಡಸರು ಮಾಡುವ ಕೆಲಸವೇನು ಅದು ಎಂದು ಕೊಟ್ರಮ್ಮ ಬೀದಿಯವರೆಗೂ ಕೂಗಿಕೊಂಡು ಹೋದರು. ಆ ಹೊತ್ತಿಗೆ ಅಪ್ಪ ಮಗಳು ಬಸ್‌ಸ್ಟಾಪಿನಲ್ಲಿದ್ದರು.

ಪ್ರಸನ್ನ ಸೇರಿಯೇಬಿಟ್ಟ. ಚನ್ನಗಿರಿಯಲ್ಲಿ ಹೊಸದಾಗಿ ತೆರೆದಿದ್ದ ಒಂದು ನರ್ಸಿಂಗ್ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದ. ಅವನ ತರಗತಿಯಲ್ಲಿ ಜರ್ಮನಿಗೆ ಹೊರಟವರಿದ್ದರು, ಸರ್ಕಾರಿ ನೌಕರಿಗೆ ಬಂದವರಿದ್ದರು, ಶಾಲೆ ಬಸ್‌ಸ್ಟ್ಯಾಂಡಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಸೇರಿದವರೂ ಇದ್ದರು. ದುಃಖಿತರ ಕಣ್ಣೀರು ಒರೆಸಲು ಬಂದವರು, ಪ್ರವೇಶದ ದಿನ ಭಾಷಣ ಮಾಡಿದವರನ್ನು ಬಿಟ್ಟರೆ, ಯಾರೂ ಸಿಗಲಿಲ್ಲ. ಎಲ್ಲರಿಗಿಂತ ಹಿರಿಯನಾದ ಪ್ರಸನ್ನ ಬಂದದ್ದು ಒಂದು ಹೊಗಳಿಕೆಯ ಬೆನ್ನು ಹತ್ತಿ.

ಕೊಟ್ರಮ್ಮ ಒಂದು ವಾರ ಉಪವಾಸ ಮಾಡಿದರು, ಊಟದ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ನಷ್ಟವೇನೂ ಕಾಣಲಿಲ್ಲ. ಬೆಳಗ್ಗೆ ಸಂಜೆ ಮಗ ನೋಡಿಕೊಳ್ಳುತ್ತಿದ್ದ, ಮಧ್ಯಾಹ್ನ ಚಿಕ್ಕಹನುಮಂತಪ್ಪನಿಂದ ಹೇಳಿದ ಹೊತ್ತಿಗೆ ಮಾಡಿಸುತ್ತಿದ್ದ. ಹುಣ್ಣು ಮಾಯುತ್ತ ಬಂತು. ಬೇಕಾಗಿದ್ದದ್ದು ಮನೆಯಲ್ಲೊಬ್ಬ ನರ್ಸು, ಸಿಕ್ಕಿದ್ದೂ ಮನೆಯಲ್ಲೊಬ್ಬ ನರ್ಸು. ಇವನಿಗೆ ತವರುಮನೆಯೂ ಇರಲಿಲ್ಲ. ಕೊಟ್ರಮ್ಮನವರ ಬೆರಳು ಇನ್ನೂ ಗಂಡನ ಮೈಗೆ ತಾಗಿರಲಿಲ್ಲ. ಗೆದ್ದೆನೆಂದು ಅವರು ರಿಮೋಟು ಕೈಗೆತ್ತಿಕೊಂಡರು.

ಆಗ ಮೂಕಪ್ಪ ಮತ್ತೆ ಬಂದ. ಜೊತೆಗೆ ಕತ್ತಲಗೆರೆಯ ಬೊಮ್ಮಕ್ಕ ಎಂಬ, ಕೊಟ್ರಮ್ಮನವರಷ್ಟೇ ಅಗಲದ, ಅಷ್ಟೇ ಬಂಗಾರದ ಹೆಂಗಸು. ಅವಳಿಗೆ ಒಬ್ಬಳೇ ಮಗಳು, ಬೇಕಾದಷ್ಟು ಜಮೀನು, ಮನೆಯಲ್ಲಿ ಸೊಂಟ ಮುರಿದು ಮಲಗಿರುವ ಅತ್ತೆ. ಪ್ರಸನ್ನಕುಮಾರ್ ಮನೆಅಳಿಯನಾಗಿ ಬರಬೇಕೆಂದು ಕೇಳಲು ಬಂದಿದ್ದಳು.

“ಸಂಬಳದವ್ರು ನಿಲ್ಲಂಗಿಲ್ಲ ಕಣ್ರೀ,” ಎಂದಳು ಬೊಮ್ಮಕ್ಕ, ಚಕ್ಕುಲಿ ಮುರಿಯುತ್ತ. “ಅಳಿಯ ಅಂದ್ರೆ ಎಲ್ಲಿಗೆ ಹೋಗ್ತಾನೆ?”

ಇಂಥ ನೀಚ ಯೋಚನೆ ಮನುಷ್ಯರಾದವರಿಗೆ ಹೊಳೆಯುವುದಾದರೂ ಹೇಗೆ ಎಂದು ಕೊಟ್ರಮ್ಮನವರಿಗೆ ಮೈಯೆಲ್ಲ ಉರಿಯಿತು. ನನ್ನ ಮಗ ಯಾರ ಮನೆಯ ಆಳೂ ಅಲ್ಲ, ಹೆತ್ತ ತಂದೆಯನ್ನು ಬಿಟ್ಟು ಅವನು ಬರುವುದಿಲ್ಲ ಎಂದರು. ಬೊಮ್ಮಕ್ಕ ವಿಚಾರಿಸಿಕೊಂಡೇ ಬಂದಿದ್ದಳು.

“ತಂದೆನ ನೋಡ್ಕಳಾಕೆ ನೀವಿಲ್ಲೇನು? ಓ, ನೀವು ಮುಟ್ಟಂಗಿಲ್ಲ ಅಂತ ಊರೆಲ್ಲ ಅಂತಾರೆ. ಹಂಗಾದ್ರೆ ಎಮ್ಮೆ ನೋಡೋನು ಇದಾನಲ್ರೀ, ಇಬ್ರಿಗೂ ಅಭ್ಯಾಸ ಆಗೈತೆ.”

ಪ್ರಸನ್ನ ತಲೆ ತಗ್ಗಿಸಿ ಕೂತಿದ್ದ. ಬೇಡವೆನ್ನಲೂ ಇಲ್ಲ. ಅದನ್ನು ಕೊಟ್ರಮ್ಮ ನೋಡಿದರು. ನೋಡಿದವರೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲೆ ದಬ್ಬಿ, ಒಳಕೋಣೆಗೆ ನುಗ್ಗಿದರು. ಬೊಮ್ಮಕ್ಕ ಚಕ್ಕುಲಿ ಸಮೇತ ಹಿಂದೆಯೇ ಬಂದಳು. ಕೊಟ್ರಮ್ಮ ಮೂಗಿನಿಂದ ಉಸಿರಾಡುವುದನ್ನು ನಿಲ್ಲಿಸಿ ಗಂಡನ ಭುಜಕ್ಕೆ ಕೈ ಹಾಕಿದರು. ಷಣ್ಮುಖಪ್ಪನವರ ಕಣ್ಣು ಇಷ್ಟಗಲವಾಯಿತು.

“ಭುಜ ಎಳಿಬ್ಯಾಡಮ್ಮ,” ಎಂದ ಪ್ರಸನ್ನ ಬಾಗಿಲಿನಿಂದ. “ಇನ್ನೊಂದು ಕೈ ಸೊಂಟದ ಕೆಳಗೆ. ಈಗ ನಿನ್ ಕಡೆಗೆ.”

ಕೊಟ್ರಮ್ಮ ಎಳೆದರು. ನಲವತ್ತು ವರ್ಷದ ವ್ಯಾಪಾರ ಪೂರ್ತಿಯಾಗಿ ಅವರ ಎದೆಗೆ ಬಂದು ಒರಗಿತು. ಇದಕ್ಕೆ ಪ್ರೇಮ ಕಾರಣ ಎನ್ನುವವರು ಕತ್ತಲಗೆರೆಯ ಕಡೆಗೆ ಅವರು ತಿರುಗಿಸಿದ ಮುಖವನ್ನು ನೋಡಬೇಕಿತ್ತು.

“ನೋಡಿದ್ರಲ್ಲ? ನಮ್ಮನೇದು ನಾವು ನೋಡ್ಕಂತೀವಿ. ನಿಮ್ಮತ್ತೆ ಸೊಂಟ ನೀವು ನೋಡ್ಕಳ್ರಿ.”

ಬೊಮ್ಮಕ್ಕ ಚಕ್ಕುಲಿಯ ಉಳಿದ ಅರ್ಧವನ್ನು ಕಿಟಕಿಯಲ್ಲಿಟ್ಟು ಹೊರಟಳು. ಮೂಕಪ್ಪ ಹಿಂದೆ ಓಡಿದ. ಗೇಟಿನ ಸದ್ದು ಕೇಳಿದ ಕೂಡಲೇ ಕೊಟ್ರಮ್ಮ ಕೈ ತೆಗೆಯಲು ಹೋದರು.

“ಬಿಡಬ್ಯಾಡ,” ಎಂದ ಮಗ. “ಬೆನ್ನಿಗೆ ದಿಂಬು ಕೊಡೋವರ್ಗೂ ಹಂಗೇ ಹಿಡ್ಕಂಡಿರು.”

ಅವನು ದಿಂಬು ಹುಡುಕಲು ಹೊರಗೆ ಹೋದ. ಅಟ್ಟದ ಮೇಲೆ ಅವನು ಅದನ್ನೂ ಇದನ್ನೂ ನಿಧಾನವಾಗಿ ಸರಿಸುತ್ತಿರುವುದು ಕೇಳಿಸುತ್ತಿತ್ತು. ಕೊಟ್ರಮ್ಮ ಎರಡು ಕೈಯಲ್ಲೂ ಗಂಡನನ್ನು ಹಿಡಿದುಕೊಂಡು, ನೋಡುವವರು ಯಾರೂ ಇಲ್ಲದ ಆ ಕೋಣೆಯಲ್ಲಿ, ಹಾಗೆಯೇ ನಿಂತಿದ್ದರು.