ಮೂರಕ್ಕೆ ಮೂರು

ನನ್ನ ಅಪ್ಪ ಮೂವತ್ತು ವರ್ಷ ಚಿನ್ನದ ಗಣಿಯೊಳಕ್ಕೆ ಜನರನ್ನು ಇಳಿಸಿದವನು. ತಾನು ಮಾತ್ರ ಒಂದು ದಿನವೂ ಇಳಿದವನಲ್ಲ. ಚಾಂಪಿಯನ್ ರೀಫ್ಸ್ ಗಣಿಯ ಒಂದು ಶಾಫ್ಟಿನ ಬಾಯಲ್ಲಿ ವೈಂಡಿಂಗ್ ಎಂಜಿನ್ ಓಡಿಸುವುದು ಅವನ ಕೆಲಸ. ಬಾವಿಯ ರಾಟೆಯಲ್ಲಿ ಹಗ್ಗ ಬಿಟ್ಟು ಕೊಡ ಇಳಿಸುತ್ತೇವಲ್ಲ, ಅದೇ ಕೆಲಸ; ಕೊಡದ ಜಾಗದಲ್ಲಿ ಕಬ್ಬಿಣದ ಕೇಜು, ಅದರ ತುಂಬ ಮನುಷ್ಯರು. ಎಂಜಿನ್ ಮನೆಯಲ್ಲಿ ಕೂತವನಿಗೆ ಕೇಜೂ ಕಾಣುವುದಿಲ್ಲ, ಒಳಗಿರುವವರೂ ಕಾಣುವುದಿಲ್ಲ. ಬೆಲ್ಲು ಮಾತ್ರ ಕೇಳುತ್ತದೆ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಇಳಿಸು, ಮೂರು ಹೊಡೆದರೆ ಮನುಷ್ಯರು ಹತ್ತುತ್ತಾರೆ ಎಂದು. ಮೂರು ಕೇಳಿಸಿಕೊಂಡ ಡ್ರೈವರು ತಾನೂ ತಿರುಗಿ ಮೂರು ಹೊಡೆಯಬೇಕು. ಅವನ ಮೂರು ಬರುವ ತನಕ ಯಾರೂ ಕೇಜಿಗೆ ಕಾಲಿಡುವ ಹಾಗಿಲ್ಲ.

ನಮ್ಮ ಮನೆಯಲ್ಲೂ ಇದೇ ಕಾನೂನು. ಅಮ್ಮ ಊಟಕ್ಕೆ ಕರೆಯುವಾಗ ತಟ್ಟೆಯ ಮೇಲೆ ಸೌಟಿನಿಂದ ಮೂರು ಸಲ ಹೊಡೆಯುವಳು. ಅಪ್ಪ ಕೂತಲ್ಲಿಂದಲೇ ಮಂಚದ ಕಾಲಿಗೆ ಮೂರು ಸಲ ತಟ್ಟುವನು. ಅವನು ತಟ್ಟದಿದ್ದರೆ ಅಮ್ಮ ಮುದ್ದೆ ಬಡಿಸುತ್ತಿರಲಿಲ್ಲ. ಅವರಿಬ್ಬರ ಸರಸವೆಲ್ಲ ಅಷ್ಟೇ ಇದ್ದಿರಬೇಕು.

ನನಗೂ ಆ ಕೆಲಸವೇ ಬೇಕಿತ್ತು. ಅರ್ಜಿ ಹಾಕಿದ್ದೆ. ಅಪ್ಪನನ್ನು ಬಿಟ್ಟು ಬೇರೆ ಯಾರೂ ನನಗೆ ಅಡ್ಡ ಬರಲಿಲ್ಲ. ನಿನ್ನ ಮಗ ಹೇಗೆ ಎಂದು ಎಂಜಿನಿಯರು ಕೇಳಿದಾಗ ನಾನು ಬಾಗಿಲ ಹೊರಗೇ ನಿಂತಿದ್ದೆ. ಅಪ್ಪ ತಡಮಾಡದೆ ಹೇಳಿದ: "ಬುದ್ದಿವಂತ ಸಾರ್. ಆದ್ರೆ ಆತುರ ಜಾಸ್ತಿ. ಅವನ ಕೈಗೆ ಮನುಷ್ಯರನ್ನ ಕೊಡಕ್ಕಾಗಲ್ಲ."

ನನ್ನನ್ನು ವರ್ಕ್‌ಶಾಪಿನಲ್ಲಿ ಫಿಟ್ಟರು ಮಾಡಿದರು. ಕಬ್ಬಿಣವನ್ನು ನನ್ನ ಕೈಗೆ ಕೊಡಬಹುದಂತೆ. ಆ ಮಾತನ್ನು ನಾನು ಎಷ್ಟೋ ವರ್ಷ ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡಿದ್ದೆ. ಮುಂದೆ ನಾನು ಕಾರಿನ ಹುಚ್ಚಿಗೆ ಬಿದ್ದದ್ದಕ್ಕೆ ಜನ ಏನೇನೋ ಕಾರಣ ಹೇಳಿದರು. ನಿಜವಾದ ಕಾರಣ ಒಂದೇ: ಅಪ್ಪನನ್ನು ನಾನೇ ಕಟ್ಟಿದ ಗಾಡಿಯಲ್ಲಿ ಕೂರಿಸಿ, ಅವನ ಬಾಯಿಂದ ಆ ಮಾತು ವಾಪಸು ತೆಗೆಸಬೇಕಿತ್ತು.

ತಂಗಿಯ ಗಂಡ ಬಂಗಾರಪೇಟೆಯ ಒಂದು ಹುಣಸೆಹಣ್ಣಿನ ಮಂಡಿಯಲ್ಲಿ ಗುಮಾಸ್ತ. ಮಂಡಿಯ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತರ ದಶಕದ ಸೀಮೆ ಕಾರೊಂದು ಬಿದ್ದಿತ್ತು. ಮರದ ಕಡ್ಡಿಗಳ ಚಕ್ರ, ಕ್ಯಾನ್ವಾಸಿನ ಟಾಪು, ರಬ್ಬರ್ ಬುರುಡೆ ಹಿಚುಕಿದರೆ ಪೋಂ ಅನ್ನುವ ಹಿತ್ತಾಳೆಯ ಹಾರನ್ನು. ಎಂಜಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮೂಟೆ ಇಡಲು ಜಾಗ ಬೇಕಾಗಿದ್ದ ಸಾಹುಕಾರರು, ಕೋಳಿ ಬಿಟ್ಟು ಮಿಕ್ಕಿದ್ದೆಲ್ಲ ಹೊತ್ತುಕೊಂಡು ಹೋಗಪ್ಪ ಅಂದರು.

ಗಾಡಿಯವನೊಬ್ಬನ ಒಂದು ಜೊತೆ ಎತ್ತು ಕಟ್ಟಿ ಎಳೆಸಿಕೊಂಡು ಬಂದೆ. ಮುಂದೆ ಎತ್ತು, ಹಿಂದೆ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತ ನಾನು. ದಾರಿಯುದ್ದಕ್ಕೂ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳಲ್ಲಿ ಮಂಗಳಾರತಿ ಆಯಿತು. ನಮ್ಮ ಲೈನ್ ಮನೆಗಳ ಮುಂದೆ ಎತ್ತು ಬಿಚ್ಚಿದ ಗಾಡಿಯವನು ಒಂದು ಎತ್ತಿನ ಕೊರಳ ಗಂಟೆ ಬಿಚ್ಚಿ ನನ್ನ ಕೈಗಿಟ್ಟು, ನಗದೆ ಹೇಳಿದ: "ನಿನ್ನ ಗಾಡಿ ಕೊರಳ್ಗೆ ಕಟ್ಕೋ. ದಾರ್‍ಯಾಗೆ ನಿಂತೋದ್ರೆ ಅಲ್ಲಾಡ್ಸು, ಬತ್ತೀನಿ." ನನಗೆ ಸಿಟ್ಟು ಬಂದು ಗಂಟೆಯನ್ನು ಮೂಲೆಗೆಸೆದೆ. ಅಪ್ಪ ಎದ್ದು ಹೋಗಿ ಅದನ್ನೆತ್ತಿ ಪಂಚೆಯ ತುದಿಯಿಂದ ಒರೆಸಿ ಗೂಡಿನಲ್ಲಿಟ್ಟ. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ಒಂದೇ ಪ್ರಶ್ನೆ ಕೇಳಿದ.

"ಇದು ನಿಲ್ಲಾದು ಎಂಗ್ಲಾ?"

"ಮೊದ್ಲು ಓಡ್ಲಿ ಬಿಡಪ್ಪ," ಅಂದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳ ಸಾಮಾನು ಆಗಿನ್ನೂ ಬೆಂಗಳೂರಿನಲ್ಲಿ ಸಿಗುತ್ತಿತ್ತು. ಎಲ್ಲರೂ ಅದನ್ನು ಡಿಸ್ಪೋಸಲ್ ಮಾಲು ಅನ್ನುತ್ತಿದ್ದರು. ಅಲ್ಲಿಂದ ಎಂಜಿನ್ನು, ಗೇರ್ ಬಾಕ್ಸು, ಸೆಲ್ಫ್ ಸ್ಟಾರ್ಟರು ತಂದೆ. ಎಂಜಿನ್ ಕೂರಬೇಕಾದ ಜಾಗದಲ್ಲಿ ಹಳೆಯ ಕಾರಿನ ಅಡ್ಡಪಟ್ಟಿ ಇತ್ತು, ಕತ್ತರಿಸಿದೆ. ಎಂಜಿನ್ನಿನಿಂದ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟು ಒಂದು ಗೇಣು ಉದ್ದವಾಯಿತು, ಅದನ್ನೂ ಕತ್ತರಿಸಿ ಬೆಸೆಸಿದೆ. ಹೊಸ ಕರೆಂಟಿನ ದೀಪಗಳನ್ನು ಹಳೆಯ ಹಿತ್ತಾಳೆಯ ಬುರುಡೆಗಳೊಳಗೆ ಕೂರಿಸಿದೆ. ಅಚ್ಚಿಗೆ ತೊಡಿಸುವ ಒಂದು ಹಿತ್ತಾಳೆ ಬುಷ್ಷನ್ನು ನಮ್ಮ ವರ್ಕ್‌ಶಾಪಿನಲ್ಲೇ ಕದ್ದುಮುಚ್ಚಿ ಕಡೆದದ್ದೇ ತಪ್ಪಾಯಿತು. ಸಂಜೆ ಗೇಟಿನಲ್ಲಿ ಝಡತಿ ಮಾಡುವ ಕಾವಲುಗಾರ ನನ್ನ ಪ್ಯಾಂಟಿನ ಮಡಿಕೆ ಬಿಡಿಸಿದರೆ ಹಳದಿ ಪುಡಿ ಫಳಫಳ ಉದುರಿತು. ಚಿನ್ನದ ಗಣಿಯ ಗೇಟಿನಲ್ಲಿ ಹಳದಿ ಪುಡಿ! ಫೋರ್‌ಮನ್ ಬಂದು ಅದನ್ನು ಉಜ್ಜಿ ನೋಡಿ ನಗುವ ತನಕ ನನ್ನ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಕಡೆಯುವ ಕೆಲಸವನ್ನೆಲ್ಲ ರಾಬರ್ಟ್‌ಸನ್‌ಪೇಟೆಯ ಲೇತ್ ಮೇಸ್ತ್ರಿಯೊಬ್ಬರಿಗೆ ವಹಿಸಿದೆ. ತಮಿಳಿನ ಆ ಹಿರಿಯರು ಏನು ಕೊಟ್ಟರೂ ಮೊದಲು "ಮೆದುವಾ ತಂಬಿ, ಮೆದುವಾ" ಅನ್ನುತ್ತಿದ್ದರು. ನಿಧಾನ ಅನ್ನುವುದನ್ನು ನನಗೆ ಎಲ್ಲ ಭಾಷೆಯವರೂ ಹೇಳಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಅಪ್ಪ ಅಷ್ಟರಲ್ಲಿ ರಿಟೈರಾಗಿದ್ದ. ಜಗಲಿಯ ಮೇಲೆ ಕೂತು ನೋಡುತ್ತಿದ್ದವನು ಎಂಜಿನ್ ಕೂತ ದಿನವೂ ಅದನ್ನೇ ಕೇಳಿದ, ದೀಪ ಹತ್ತಿದ ದಿನವೂ ಅದನ್ನೇ ಕೇಳಿದ: ನಿಲ್ಲಾದು ಎಂಗೆ? ಹಳೆಯ ಕಾರಿಗೆ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು, ಅದೂ ಸಲಾಕೆ ಎಳೆದು ಹಿಡಿಸುವಂಥದ್ದು. ಅಂದಿನ ಸಣ್ಣ ಎಂಜಿನ್ನಿಗೆ ಅದು ಸಾಕಾಗಿತ್ತು. ಹೊಸ ಎಂಜಿನ್ನಿಗೆ ಸಾಲದು ಎಂದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಬ್ರೇಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಸೆಲ್ಫ್ ಒತ್ತಿದ ಕೂಡಲೇ ಕಾರು ಸ್ಟಾರ್ಟಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲೇ ಹಿಡಿದೆ. ತಂಗಿ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ನೋಡಲು ಬಂದಿದ್ದ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅಪ್ಪನನ್ನೂ ಕರೆದೆ, ಅವನು ಬರಲ್ಲ ಎಂದು ತಲೆಯಾಡಿಸಿದ. ಬಂಗಾರಪೇಟೆಗೆ ಹೊರಟೆವು. ಸಾಹುಕಾರರ ಮುಂದೆ ಒಂದು ಸಲ ಕಾರು ನಿಲ್ಲಿಸಿ ಪೋಂ ಅನ್ನಿಸಬೇಕಿತ್ತು.

ಬಂಗಾರಪೇಟೆಯ ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ಒಂದು ಎತ್ತಿನ ಗಾಡಿ, ನಾಲ್ಕಾರು ಸೈಕಲ್ಲು, ಎಲ್ಲರಿಗಿಂತ ಹಿಂದೆ ರಸ್ತೆಯಲ್ಲೇ ಕುಕ್ಕರುಗಾಲಿನಲ್ಲಿ ಕೂತ ಮಜ್ಜಿಗೆ ಮಾರುವ ಮುದುಕಿ. ದೂರದಿಂದಲೇ ಬ್ರೇಕು ತುಳಿದೆ. ಕಾರು ಕಿರುಗುಟ್ಟಿತು, ಸುಟ್ಟ ವಾಸನೆ ಬಂತು, ವೇಗ ಮಾತ್ರ ಇಳಿಯಲಿಲ್ಲ. ಇನ್ನೂ ತುಳಿದೆ. ಏನೂ ಆಗಲಿಲ್ಲ. ಮುದುಕಿ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ಏಳಲಿಲ್ಲ. ಕಾರು ಅಂದ ಮೇಲೆ ನಿಲ್ಲುತ್ತದೆ ಎಂದು ಅವಳು ನಂಬಿದ್ದಳು. ನಾನು ಸ್ಟೀರಿಂಗ್ ಪೂರ್ತಿ ಎಡಕ್ಕೆ ಎಳೆದೆ. ಕಾರು ಮೋರಿ ದಾಟಿ ಮಣ್ಣಿನ ಏರಿ ಹತ್ತಿ ಹೊಂಗೆ ಮರಕ್ಕೆ ಗುದ್ದಿ ನಿಂತಿತು. ಭಾವನ ಹಣೆ ಒಡೆದು ರಕ್ತ ಬಂತು. ಮುದುಕಿ ಎದ್ದು ಬಂದು ತನ್ನ ಮಡಕೆಯ ನೀರಿನಿಂದಲೇ ಅವನ ಹಣೆ ತೊಳೆದಳು. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ.

ಮೂತಿ ನೆಗ್ಗಿದ ಕಾರನ್ನು ಮೊದಲ ಗೇರಿನಲ್ಲೇ ತೆವಳಿಸಿಕೊಂಡು ಮನೆ ಸೇರಿದೆವು. ಭಾವ ಒಳ್ಳೆಯವನು. ಮಂಡಿಯ ಬಾಗಿಲು ತಗುಲಿತು ಎಂದು ಮನೆಯಲ್ಲಿ ಸುಳ್ಳು ಹೇಳಿದ. ಅಪ್ಪ ಅವನ ಹಣೆಯ ಪಟ್ಟಿಯನ್ನು ನೋಡಿದ, ಹೊರಗೆ ಹೋದ, ಹಿಂದಿನ ಚಕ್ರದ ಪಕ್ಕ ಮೊಣಕಾಲೂರಿ ಡ್ರಮ್ಮನ್ನು ಮುಟ್ಟಿ ಅಂಗೈ ಮೂಸಿದ. ಒಳಗೆ ಬಂದು ಕೈ ತೊಳೆದುಕೊಂಡು ಊಟಕ್ಕೆ ಕೂತ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ನಾನೇ ಹೋಗಿ ಎಲ್ಲ ಹೇಳಿದೆ, ಮುದುಕಿಯನ್ನೂ ಬಿಡದೆ. ಅಪ್ಪ ಹೇಳಿದ: "ಮೂವತ್ತು ವರ್ಸ ನಾನು ಒಬ್ಬರ ಮುಖಾನೂ ನೋಡ್ಲಿಲ್ಲ. ಬೆಲ್ಲು ಕೇಳ್ತಿದ್ದೆ, ಅಷ್ಟೇಯಾ. ಆದ್ರೂ ದಿನಾ ಬಯ ಆಗ್ತಿತ್ತು. ನೀನು ಮುಖ ನೋಡ್ಕಂಡು ಓಡಿಸ್ತಿದ್ದೆ. ನಿಂಗೆ ಬಯಾನೇ ಇರ್ಲಿಲ್ಲ ಕಣ್ಲಾ."

ನನಗೆ ಕಣ್ಣಲ್ಲಿ ನೀರು ಬಂತು. ಎಂಜಿನಿಯರ ಕೋಣೆಯಲ್ಲಿ ಅವನು ಹೇಳಿದ್ದು ನಿಜವಾಗಿತ್ತು, ನಾನು ಅಷ್ಟು ವರ್ಷ ನಿಜದ ಮೇಲೆ ಮುನಿಸಿಕೊಂಡಿದ್ದೆ.

ಕೆಟ್ಟ ಮೇಲೆ ಬುದ್ಧಿ ಬಂತು. ಗುಜರಿಯಲ್ಲಿ ಹೊಸ ಕಾಲದ ಕಾರೊಂದರ ಮುಂದಿನ ಆಕ್ಸಲ್ಲು, ಹಿಂದಿನ ಆಕ್ಸಲ್ಲು, ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರ ಹಿಡಿಯುವ ಬ್ರೇಕು ಸಿಕ್ಕಿದವು. ಅವನ್ನು ಹಾಕಬೇಕಾದರೆ ಮರದ ಕಡ್ಡಿಯ ಚಕ್ರಗಳನ್ನು ಬಿಡಲೇಬೇಕು. ಆ ಚಕ್ರಗಳಿಗಾಗಿಯೇ ನಾನು ಆ ಕಾರನ್ನು ಮೆಚ್ಚಿದ್ದು. ಕಳಚಿ ಒಂದೊಂದನ್ನೇ ಒರೆಸಿ ಗೋಡೆಗೆ ಒರಗಿಸಿದೆ. ಸಣ್ಣ ತಗಡಿನ ಚಕ್ರಗಳ ಮೇಲೆ ಕಾರು, ಮುದುಕನಿಗೆ ಕೂಲಿಂಗ್ ಗ್ಲಾಸ್ ಹಾಕಿಸಿದ ಹಾಗೆ ಕಾಣುತ್ತಿತ್ತು. ಈಗ ಹಳೆಯ ಕಾರುಗಳನ್ನು ಇದ್ದದ್ದು ಇದ್ದ ಹಾಗೇ ತಿದ್ದಿ ತೀಡಿ ಮೆರವಣಿಗೆ ಮಾಡುವವರನ್ನು ನೋಡುತ್ತೇನೆ. ನನ್ನದನ್ನು ನೋಡಿದ್ದರೆ ಅವರು ಅತ್ತುಬಿಡುತ್ತಿದ್ದರು. ಅವರದು ತಪ್ಪಲ್ಲ. ಅವರ ಗೇಟಿನ ಮುಂದೆ ಮಜ್ಜಿಗೆಯ ಮುದುಕಿ ಕೂತಿರಲಿಲ್ಲ.

ಆ ಬ್ರೇಕಿನ ಪೈಪುಗಳಲ್ಲಿ ಗಾಳಿ ಉಳಿಯಬಾರದು. ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬ ಮೇಲೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬ ಕೆಳಗೆ ಮಲಗಿ ನಟ್ಟು ಬಿಚ್ಚಿ ಬಿಗಿಯಬೇಕು. ಅಪ್ಪ ತಾನಾಗಿಯೇ ಬಂದು ಪೆಡಲಿನ ಮುಂದೆ ಕೂತ. ಕೂತದ್ದಕ್ಕೆ ನಾನು ಹಿಗ್ಗಿದ್ದು ಕಂಡಿರಬೇಕು, ನಿಂತಿರುವ ಗಾಡಿ ಲೆಕ್ಕಕ್ಕಿಲ್ಲ ಅಂದ. ನಾನು ಕೆಳಗಿನಿಂದ ಒತ್ತು, ನಿಲ್ಲಿಸು ಎಂದು ಕೂಗುತ್ತಿದ್ದೆ. ಕೂಗಬೇಡ, ತಟ್ಟು ಅಂದ. ಆಮೇಲೆ ನಾನು ಸ್ಪ್ಯಾನರಿನಿಂದ ಡ್ರಮ್ಮಿಗೆ ಎರಡು ತಟ್ಟಿದರೆ ಅವನು ಪೆಡಲು ಇಳಿಸುತ್ತಿದ್ದ, ಒಂದು ತಟ್ಟಿದರೆ ಅಲ್ಲೇ ನಿಲ್ಲಿಸುತ್ತಿದ್ದ. ಒಂದು ಇಡೀ ಭಾನುವಾರ ನಾವಿಬ್ಬರೂ ಮಾತಾಡದೆ ಮಾತಾಡಿದೆವು. ಅಷ್ಟು ಮಾತು ಅದಕ್ಕೆ ಮುಂಚೆ ಎಂದೂ ಆಡಿರಲಿಲ್ಲ.

ಬ್ರೇಕು ಸರಿಯಾದ ಮೇಲೆ ಅವನ ಹೊಸ ಮಾತು: ಖಾಲಿ ಓಡಿಸು. ಗಣಿಯಲ್ಲಿ ಪ್ರತಿ ಪಾಳಿಗೂ ಮೊದಲು ಖಾಲಿ ಕೇಜನ್ನು ಇಳಿಸಿ ಏರಿಸಿ ನೋಡುತ್ತಾರೆ, ಆಮೇಲೆಯೇ ಮನುಷ್ಯರು. ಒಂದು ವಾರ ಒಬ್ಬನೇ ಬಂಗಾರಪೇಟೆಗೆ ಹೋಗಿ ಬಂದೆ. ಇನ್ನೊಂದು ವಾರ ಹಿಂದಿನ ಸೀಟಿನಲ್ಲಿ ಮಣ್ಣಿನ ಮೂಟೆ ಹೇರಿಕೊಂಡು, ಇಳಿಜಾರು ಕಂಡಲ್ಲೆಲ್ಲ ನಿಲ್ಲಿಸುತ್ತ ಹೋಗಿ ಬಂದೆ. ಬಂದಾಗಲೆಲ್ಲ ಅಪ್ಪ ನಾಲ್ಕೂ ಡ್ರಮ್ಮು ಮುಟ್ಟಿ ನೋಡುತ್ತಿದ್ದ. ಅಕ್ಕಪಕ್ಕದವರು ನಕ್ಕರು. ಈ ಸಲ ನನಗೆ ಸಿಟ್ಟು ಬರಲಿಲ್ಲ.

ತಂಗಿಯ ಮಗುವಿಗೆ ಐದು ತಿಂಗಳು ತುಂಬಿತು. ಅವಳನ್ನು ಗಂಡನ ಮನೆಗೆ ಕಳಿಸಬೇಕು. ಅಪ್ಪ ರೈಲಿನಲ್ಲಿ ಕರೆದೊಯ್ಯುತ್ತಾನೆ ಎಂದುಕೊಂಡಿದ್ದೆವು. ಹೊರಡುವ ಬೆಳಿಗ್ಗೆ ನೋಡಿದರೆ ಅಪ್ಪ ಗೂಡಿನಿಂದ ಆ ಎತ್ತಿನ ಗಂಟೆ ತೆಗೆದು ನನ್ನ ಸೀಟಿನ ಬೆನ್ನಿಗೆ ತಂತಿಯಿಂದ ಬಿಗಿಯುತ್ತಿದ್ದ. ಅದರ ನಾಲಿಗೆಗೆ ಒಂದು ಹುರಿ ಕಟ್ಟಿದ. ತಂಗಿಯನ್ನು ಮಗುವಿನ ಸಮೇತ ಹಿಂದೆ ಕೂರಿಸಿ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ತಾನೂ ಹತ್ತಿದ. ಜೀವಮಾನದಲ್ಲಿ ಅವನು ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಹಾಯಾಗಿ ಕೂತದ್ದನ್ನು ನಾನು ಕಂಡಿರಲಿಲ್ಲ. ರೈಲಿನಲ್ಲೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬರುತ್ತಿದ್ದ.

ಸೆಲ್ಫ್ ಒತ್ತಿದೆ. ಎಂಜಿನ್ ಹಿಡಿಯಿತು. ಗೇರಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತೆ. ಆತುರ ಪಡಲಿಲ್ಲ. ಬೆನ್ನ ಹಿಂದೆ ಗಂಟೆ ಒಂದು ಸಲ, ಎರಡು ಸಲ, ಮೂರು ಸಲ ಹೊಡೆಯಿತು.

ನಾನು ಹಾರನ್ನಿನ ಬುರುಡೆ ಹಿಚುಕಿದೆ. ಎರಡು ಸರಿಯಾಗಿ ಬಂತು. ಮೂರನೆಯದಕ್ಕೆ ಕೈ ಜಾರಿ ಬರೀ ಗಾಳಿ ಬಂತು.

"ಮೂರಾಗಲಿಲ್ಲ," ಅಂದ ಅಪ್ಪ. "ಇನ್ನೊಂದ್ ಸಲ ಸರಿಯಾಗಿ ಒಡಿ."

ಸರಿಯಾಗಿ ಮೂರು ಹೊಡೆದೆ. ಆಮೇಲೆ ಹೊರಟೆವು.

ಬಂಗಾರಪೇಟೆಯ ಗೇಟು ಅಂದೂ ಹಾಕಿತ್ತು. ದೂರದಿಂದಲೇ ಕಾಲು ಬ್ರೇಕಿನ ಮೇಲಿಟ್ಟು, ನಿಲ್ಲಿಸು ಎಂಬ ಒಂದು ಗಂಟೆಗಾಗಿ ಕಿವಿಗೊಟ್ಟೆ. ಬರಲಿಲ್ಲ. ಎಲ್ಲರಿಗಿಂತ ಹತ್ತು ಮಾರು ಹಿಂದೆಯೇ ಕಾರು ಮೆಲ್ಲಗೆ ನಿಂತಿತು. ತಿರುಗಿ ನೋಡಿದೆ. ತಂಗಿ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಮಗುವಲ್ಲ, ಅಪ್ಪ. ಅವಳ ಹೆಗಲಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಗಂಟೆಯ ಹುರಿ ಅವನ ಬೆರಳಿನಿಂದ ಜಾರಿ ಕೆಳಗೆ ಬಿದ್ದಿತ್ತು.